ಕೀ ಕೊಡುವ ವಾಚು, 50 ಪೈಸೆಯ ಕಾರ್ಡು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ರಿಮೋಟ್ ಕಾರು ಹಿಡಿದುಕೊಂಡು ಬೆಂಗಳೂರಿಗೆ ಹೋಗಿದ್ದೆ. ಕೆಂಪು ಬಣ್ಣದ್ದು. ಅಂಗಡಿಯವನು ಬೆಲೆ ಹೇಳಿದಾಗ ಎದೆ ಧಸಕ್ಕೆಂದಿತ್ತು. ಮೊಮ್ಮಗ ಅಲ್ವಾ, ಕೊಟ್ಟೆ. ಮೊದಲನೇ ದಿನ ಕಾರು ಸೋಫಾ ಕೆಳಗೆಲ್ಲ ಓಡಾಡಿತು. ಎರಡನೇ ದಿನ ಗೋಡೆಗೆ ಗುದ್ದಿತು. ಮೂರನೇ ದಿನಕ್ಕೆ ಒಂದು ಚಕ್ರ ಕಾಣೆ. ನಾಲ್ಕನೇ ದಿನ ಸೊಸೆ ಅದನ್ನು ಅಟ್ಟಕ್ಕೆ ಸೇರಿಸಲು ಸ್ಟೂಲ್ ಹತ್ತಿದಳು. ನಾನು ಸ್ಟೂಲ್ ಹಿಡಿದುಕೊಂಡು ಕತ್ತೆತ್ತಿ ನೋಡಿದೆ. ಅಲ್ಲಿ ಅದರ ಹಿಂದಿನ ವರ್ಷ ಕೊಟ್ಟ ರೈಲು ಇತ್ತು. ಅದಕ್ಕೂ ಹಿಂದಿನ ಹೆಲಿಕಾಪ್ಟರ್ ಇತ್ತು. ನನ್ನ ಪಿಂಚಣಿ ದುಡ್ಡೆಲ್ಲ ಸಾಲಾಗಿ ಧೂಳು ಹಿಡಿದು ಕೂತಿತ್ತು.

ನಾನು ಅಂಚೆ ಇಲಾಖೆಯಲ್ಲಿ 36 ವರ್ಷ ಕೆಲಸ ಮಾಡಿದವನು. ಆ ಕೆಲಸದಲ್ಲಿ ಒಂದು ಚಾಳಿ ಅಂಟಿಕೊಳ್ಳುತ್ತೆ. ಏನೇ ಕಳಿಸಿದರೂ ಅದು ತಲುಪಿತಾ ಅಂತ ನೋಡುವುದು. ರಿಜಿಸ್ಟರ್ ಕಾಗದದ ಜೊತೆ ಒಂದು ಎ.ಡಿ. ಕಾರ್ಡು ಹಚ್ಚುತ್ತಿದ್ದೆವು, ನೆನಪಿದೆಯಾ? ಆ ಕಡೆಯವರು ಸಹಿ ಮಾಡಿದರೆ ಕಾರ್ಡು ವಾಪಸ್ ಬರುತ್ತಿತ್ತು. ನನ್ನ ಕಾರು, ರೈಲು, ಹೆಲಿಕಾಪ್ಟರ್‌ಗಳ ಕಾರ್ಡು ಯಾವುದೂ ವಾಪಸ್ ಬಂದಿರಲಿಲ್ಲ. ಅಟ್ಟ ನೋಡಿದ ಮೇಲೆ ನಾನು ಆಟದ ಸಾಮಾನು ಕೊಡುವುದನ್ನು ಬಿಟ್ಟೆ. ಬೇರೆ ಏನು ಕೊಟ್ಟೆ, ಯಾವುದು ತಲುಪಿತು, ಯಾವುದು ಎಡವಟ್ಟಾಯಿತು, ಅದನ್ನೇ ಇವತ್ತು ಹೇಳುತ್ತೇನೆ.

ಮೊದಲು ನನ್ನ ತಾತನ ಸುದ್ದಿ. ನಮ್ಮದು ತುಮಕೂರು ಜಿಲ್ಲೆ, ತೆಂಗಿನ ಸೀಮೆ. ನನಗೆ ಐದು ವರ್ಷ ಇದ್ದಾಗ ತಾತ ಹಿತ್ತಲಲ್ಲಿ ಗುಂಡಿ ತೆಗೆಸಿ, ಉಪ್ಪು, ಬೂದಿ ಹಾಕಿಸಿ, ನನ್ನ ಕೈಯಲ್ಲೇ ಒಂದು ತೆಂಗಿನ ಸಸಿ ಇಡಿಸಿದರು. "ಇದು ನಿಂದು ಕಣೋ, ನೀರೂ ನೀನೇ ಹಾಕ್ಬೇಕು" ಅಂದರು. ಅದೇನು ಉಡುಗೊರೆ ಅಂತ ನನಗೆ ಆಗ ಅನ್ನಿಸಲಿಲ್ಲ. ಶಿಕ್ಷೆ ಅನ್ನಿಸಿತು. ಬೇಸಿಗೆಯಲ್ಲಿ ದಿನಾ ಒಂದು ಬಿಂದಿಗೆ ನೀರು. ನಮ್ಮ ಕಡೆ ಎತ್ತರದ ತಳಿಗಳು ಫಲಕ್ಕೆ ಬರಲು ಆರೇಳು ವರ್ಷ ಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಹೊಂಬಾಳೆ ಬಿಟ್ಟಿತು. ಮೊದಲ ಎಳನೀರು ತಾತನಿಗೆ ಕೊಟ್ಟೆ. ಅವರು ಅರ್ಧ ಕುಡಿದು ಅರ್ಧ ನನಗೇ ಕೊಟ್ಟರು. ಆ ಮರ ಇನ್ನೂ ಇದೆ. ನಮ್ಮ ಮನೆಯಲ್ಲಿ ಇವತ್ತು ಚಟ್ನಿಗೆ ತುರಿದ ಕಾಯಿ ಅದರದ್ದೇ.

ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರದ ವಿಷಯ ನೀವು ಪತ್ರಿಕೆಯಲ್ಲಿ ಓದಿರಬಹುದು. ತಾಮ್ರಗೆಂಪು ತೊಳೆಯ ಹಣ್ಣು. ಸಿದ್ದಪ್ಪ ಅನ್ನುವವರು ನೆಟ್ಟ ಮರ ಅದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಮರದ ಹಣ್ಣಿನ ಗುಣ ನೋಡಿ, ಅವರ ಮಗ ಪರಮೇಶ ಅವರ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಬೆಳೆಸಲು ಶುರು ಮಾಡಿದರು. ತಳಿಗೆ ಇಟ್ಟ ಹೆಸರು ಸಿದ್ದು, ತಂದೆಯ ನೆನಪಿಗೆ. ಗಿಡ ನೆಡುವಾಗ ಸಿದ್ದಪ್ಪನವರು ಇಷ್ಟೆಲ್ಲ ಲೆಕ್ಕ ಹಾಕಿದ್ದರು ಅಂತ ನನಗೇನೂ ಅನ್ನಿಸಲ್ಲ. ಸುಮ್ನೆ ನೆಟ್ಟಿರುತ್ತಾರೆ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರು ತೆಂಗು ಎಲ್ಲಿ ನೆಡುವುದು ಅಂತ ಕೇಳುತ್ತೀರಿ. ಕರಿಬೇವು ಕುಂಡದಲ್ಲೂ ಬರುತ್ತೆ. ಇನ್ನು ಊರಿನ ತೋಟದಲ್ಲಿ ನೆಟ್ಟರೆ ರಜೆಯಲ್ಲಿ ಮಗು ತನ್ನ ಗಿಡ ನೋಡಲು ಅಂತಾದರೂ ಬರುತ್ತೆ. ತಾತನನ್ನು ನೋಡಲು ಬರುವುದಕ್ಕಿಂತ ಅದು ಗಟ್ಟಿ ಕಾರಣ.

ಈಗ ನನ್ನ ಇಲಾಖೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ತನ್ನದೇ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಯಬಹುದು. ತಾನೇ ಸಹಿ ಹಾಕಿ ದುಡ್ಡು ಕಟ್ಟಬಹುದು, ತೆಗೆಯಬಹುದು. 500 ರೂಪಾಯಿಯಿಂದ ಶುರು ಮಾಡಬಹುದು. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ. ಈ ವರ್ಷ ಮೊಮ್ಮಗನಿಗೆ ಹತ್ತು ತುಂಬಿತು. ಕಾರು ಇಲ್ಲ, ಕೇಕಿಗೆ ಮುಂಚೆ ಅಂಚೆ ಕಚೇರಿಗೆ ಹೋಗೋಣ ಅಂದೆ. ಮುಖ ಸಣ್ಣದಾಯಿತು. ಆದರೆ "ನೀನೇ ಸಹಿ ಮಾಡ್ಬೇಕು" ಅಂದ ತಕ್ಷಣ ಕಣ್ಣು ಅರಳಿತು. ಸಹಿ ಅನ್ನುವುದು ದೊಡ್ಡವರ ವಸ್ತು ಅಲ್ವಾ? ನಾಲ್ಕು ದಿನ ಹಳೇ ಪೇಪರಿನ ಅಂಚಿನಲ್ಲೆಲ್ಲ ಅಭ್ಯಾಸ ಮಾಡಿದ. ಮೊದಲು ಕ್ರಿಕೆಟ್ ಆಟಗಾರರ ಹಾಗೆ ಗೀಚಿದ. "ಹೀಗೆ ಮಾಡಿದ್ರೆ ಮುಂದಿನ ಸಲ ನಿನಗೇ ಬರಲ್ಲ, ಕೌಂಟರಿನವರು ವಾಪಸ್ ಕಳಿಸ್ತಾರೆ" ಅಂತ ಹೆದರಿಸಿದೆ. ಕೊನೆಗೆ ಪೂರ್ತಿ ಹೆಸರನ್ನು ಕನ್ನಡದಲ್ಲೇ ಬರೆದ. ಪಾಸ್‌ಬುಕ್ ಕೈಗೆ ಬಂದಾಗ ತೆರೆದು ನೋಡಿ, "ತಾತ, ಇದರಲ್ಲಿ ಅಪ್ಪನ ದುಡ್ಡು ಇಲ್ವಲ್ಲ?" ಅಂತ ಖಾತ್ರಿ ಮಾಡಿಕೊಂಡ. ಈಗ ಹಬ್ಬಕ್ಕೆ ಯಾರು 50 ಕೊಟ್ಟರೂ, 100 ಕೊಟ್ಟರೂ ಒಂದು ಡಬ್ಬಿಗೆ ಹಾಕುತ್ತಾನೆ. ಡಬ್ಬಿ ತುಂಬಿದ ಮೇಲೆ ಅಪ್ಪನನ್ನು ಎಳೆದುಕೊಂಡು ಹೋಗುತ್ತಾನೆ. ದೊಡ್ಡ ಮೊತ್ತವೇನೂ ಅಲ್ಲ. ಆದರೆ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವುದನ್ನು ಕಲಿತಿದ್ದಾನೆ. ಅದು ಕಡಿಮೆ ವಿದ್ಯೆ ಅಲ್ಲ.

ಮೊಮ್ಮಗಳಿದ್ದವರಿಗೆ ಸುಕನ್ಯಾ ಸಮೃದ್ಧಿ ಗೊತ್ತಿರುತ್ತೆ. ಹೆಣ್ಣುಮಗುವಿನ ಹೆಸರಿನಲ್ಲಿ ದುಡ್ಡು ಕೂಡಿಡಲು 2015ರಲ್ಲಿ ಶುರುವಾದ ಯೋಜನೆ. ಇದರಲ್ಲಿ ಅಜ್ಜ ಅಜ್ಜಿಯರು ಮಾಡುವ ಒಂದು ತಪ್ಪನ್ನು ನಾನು ಕೌಂಟರಿನಲ್ಲಿ ಕೂತು ಎಷ್ಟು ಸಲ ನೋಡಿದ್ದೇನೋ. ಪಿಂಚಣಿ ಬಂದ ದಿನ ಸೀದಾ ಬಂದು "ಮೊಮ್ಮಗಳ ಹೆಸರಲ್ಲಿ ಖಾತೆ ತೆಗೀರಿ, ನಾನೇ ಸಹಿ ಹಾಕ್ತೀನಿ" ಅನ್ನುತ್ತಾರೆ. ಹಾಗೆ ಆಗುವುದಿಲ್ಲ. ತಂದೆ ಅಥವಾ ತಾಯಿ, ಇಲ್ಲದಿದ್ದರೆ ಕಾನೂನು ಪ್ರಕಾರ ಪೋಷಕರಾದವರು ಮಾತ್ರ ಖಾತೆ ತೆರೆಯಬೇಕು. ಹಿಂದೆ ಅಜ್ಜ ಅಜ್ಜಿ ತೆರೆದಿದ್ದ ಖಾತೆಗಳನ್ನೂ ತಂದೆ ತಾಯಿಯ ಹೆಸರಿಗೆ ವರ್ಗಾಯಿಸಬೇಕು ಅಂತ 2024ರಲ್ಲಿ ಆದೇಶ ಬಂತು. ಅಂಥ ಖಾತೆ ನಿಮ್ಮದಿದ್ದರೆ ಒಮ್ಮೆ ಹೋಗಿ ವಿಚಾರಿಸಿ. ಖಾತೆ ಮಗನದೋ ಸೊಸೆಯದೋ ಸಹಿಯಲ್ಲಿ ಇರಲಿ, ದುಡ್ಡು ನೀವು ಕೊಡಿ. ಯಾರೂ ಬೇಡ ಅನ್ನಲ್ಲ. ಮಗುವಿಗೆ ಹತ್ತು ತುಂಬುವ ಮುಂಚೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದ 21 ವರ್ಷಕ್ಕೆ ಕೈಗೆ ಬರುತ್ತೆ. ನನ್ನ ವಯಸ್ಸಿಗೆ 21 ಕೂಡಿಸಿ ನೋಡಿದೆ. ಆಮೇಲೆ ಕೂಡಿಸುವುದನ್ನು ನಿಲ್ಲಿಸಿದೆ.

ಬಂಗಾರದ ಓಲೆ, ಬೆಳ್ಳಿ ಲೋಟ ಎಲ್ಲ ನೀವು ಹೇಗೂ ಕೊಡುತ್ತೀರಿ. ಅದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಕೈಗಡಿಯಾರದ ಕತೆ ಕೇಳಿ. ಎಚ್‌ಎಂಟಿ ಜನತಾ. ದಿನಾ ಕೀ ಕೊಡಬೇಕಾದದ್ದು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು, ಆಮೇಲೆ ನಮ್ಮ ತುಮಕೂರಿಗೂ ಒಂದು ಬಂತು. ಆಗ ಕೆಲಸ ಸಿಕ್ಕಿದವನ ಕೈಯಲ್ಲಿ ಎಚ್‌ಎಂಟಿ ಇರಲೇಬೇಕಿತ್ತು. ಈಗ ಆ ಕಾರ್ಖಾನೆಗಳಿಲ್ಲ, ವಾಚು ಮಾತ್ರ ಓಡುತ್ತಿದೆ. ಅದನ್ನು 14 ವರ್ಷದ ಮೊಮ್ಮಗಳಿಗೆ ಕೊಟ್ಟೆ. ಹುಡುಗನಿಗೆ ಕೊಡಬೇಕಿತ್ತು ಅಂತ ಒಂದಿಬ್ಬರು ನೆಂಟರು ಗೊಣಗಿದರು. ಗೊಣಗಲಿ. ಅವಳು ವಾರಕ್ಕೆ ಎರಡು ದಿನ ಕೀ ಕೊಡಲು ಮರೆಯುತ್ತಾಳೆ, ವಾಚು ನಿಲ್ಲುತ್ತೆ. ಆಗ ನನಗೇ ಫೋನು. "ತಾತ, ಟೈಮ್ ಎಷ್ಟು?" ಅವಳ ಕೈಯಲ್ಲಿರುವ ಫೋನಿನಲ್ಲೇ ಟೈಮ್ ಇರುತ್ತೆ. ಇಬ್ಬರಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತುವುದಿಲ್ಲ.

ನನ್ನ ಹೆಂಡತಿಯ ಉಡುಗೊರೆ ಇನ್ನೂ ಚೆನ್ನಾಗಿತ್ತು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ಬೇಸಿಗೆ ರಜೆಯಲ್ಲಿ ಮೊಮ್ಮಗಳು ಅವಳ ಸಾರಿನ ಪುಡಿ ಕಲಿಯಬೇಕು ಅಂದಳು. ಒಂದು ನೂರು ಹಾಳೆಯ ನೋಟ್‌ಬುಕ್ ತಂದಳು. ಅಜ್ಜಿ ಹೇಳುವುದು, ಮೊಮ್ಮಗಳು ಬರೆಯುವುದು. ಮೊದಲ ಸಾಲಿನಲ್ಲೇ ಜಗಳ. "ಧನಿಯಾ ಎಷ್ಟು ಅಜ್ಜಿ?" "ಒಂದು ಪಾವು." "ಪಾವು ಅಂದ್ರೆ?" ಅಟ್ಟದಿಂದ ಹಿತ್ತಾಳೆಯ ಪಾವು ಇಳಿಸಿ ತೋರಿಸಿದ್ದಾಯಿತು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. "ಮೆಣಸಿನಕಾಯಿ?" "ಎರಡು ಹಿಡಿ." "ಯಾರ ಹಿಡಿ?" "ನನ್ನದು." "ಮೆಂತ್ಯ?" "ಜಾಸ್ತಿ ಆಗ್ಬಾರ್ದು." "ಎಷ್ಟಾದ್ರೆ ಜಾಸ್ತಿ?" "ಕಹಿ ಆದ್ರೆ ಜಾಸ್ತಿ!" ಕೊನೆಗೆ ಮೊಮ್ಮಗ ಅಡುಗೆಮನೆಯ ತಕ್ಕಡಿ ಹಿಡಿದುಕೊಂಡು ಕೂತ. ಅಜ್ಜಿ ಕೈಯಲ್ಲಿ ತೆಗೆದದ್ದನ್ನು ಬಾಣಲೆಗೆ ಹಾಕುವ ಮುಂಚೆ ತಕ್ಕಡಿಗೆ ಹಾಕಿಸಿದ. ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಮೆಂತ್ಯ, ಸಾಸಿವೆ, ಕರಿಬೇವು. ಪ್ರತಿಯೊಂದಕ್ಕೂ ಗ್ರಾಂ ಲೆಕ್ಕ. ಎಷ್ಟು ಹುರಿಯಬೇಕು ಅನ್ನುವುದಕ್ಕೆ ಮಾತ್ರ ತಕ್ಕಡಿ ಇರಲಿಲ್ಲ. "ವಾಸನೆ ಬರೋವರೆಗೂ" ಅಂದಳು ಅಜ್ಜಿ. ಮೊಮ್ಮಗಳು ಹಾಗೆಯೇ ಬರೆದುಕೊಂಡಳು. ಪಕ್ಕದಲ್ಲಿ ಕಂಸ ಹಾಕಿ, "ಪಕ್ಕದ ಮನೆಯವರಿಗೂ ಬರುವಷ್ಟು" ಅಂತ ಸೇರಿಸಿದಳು.

ನಲವತ್ತು ವರ್ಷದಿಂದ ನಾನು ಆ ಸಾರು ಉಣ್ಣುತ್ತಿದ್ದೇನೆ. ಅದರಲ್ಲಿ ಸಾಸಿವೆ ಇದೆ ಅಂತ ನನಗೆ ಗೊತ್ತಾಗಿದ್ದು ಆ ದಿನ.

ನಮ್ಮ ಬೀಗಿತ್ತಿ ಗದಗಿನವರು. ಮೊಮ್ಮಗನಿಗೆ ಅವರು ಕೌದಿ ಹೊಲಿದು ಕೊಟ್ಟಿದ್ದಾರೆ. ಉತ್ತರ ಕರ್ನಾಟಕದ ಕೇಳುಗರಿಗೆ ಕೌದಿ ಏನು ಅಂತ ನಾನು ಹೇಳಿದರೆ ನಗುತ್ತಾರೆ. ನಮ್ಮ ಕಡೆಯವರಿಗೆ ಹೇಳುತ್ತೇನೆ. ಹಳೇ ಹತ್ತಿ ಸೀರೆ, ಧೋತ್ರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಬಟ್ಟೆ ಇಟ್ಟು, ಕೈಯಲ್ಲೇ ಸಾಲು ಸಾಲಾಗಿ ಹೊಲಿಗೆ ಹಾಕಿದ ಹೊದಿಕೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಅವರು ಮೂಲೆಗಳಿಗೆ ಬಟ್ಟೆಯನ್ನೇ ಮಡಚಿ ಹೂವಿನ ಹಾಗೆ ಕೂರಿಸುತ್ತಾರೆ. ನನ್ನ ಹೆಂಡತಿ ತನ್ನದೊಂದು ಸೀರೆಯನ್ನೂ ಸೇರಿಸಲಿ ಅಂತ ಕಳಿಸಿದ್ದಳು. ಬೀಗಿತ್ತಿ ವಾಪಸ್ ಕಳಿಸಿದರು. "ಪಾಲಿಯೆಸ್ಟರ್ ಬ್ಯಾಡ್ರೀ, ಮಗೂಗ ಬೆವರ್ತದ" ಅಂದರು. ಒಂದು ವಾರ ನಮ್ಮ ಮನೆಯಲ್ಲಿ ಸ್ವಲ್ಪ ಬಿಸಿ ಇತ್ತು. ಆಮೇಲೆ ಒಂದು ಹತ್ತಿ ಸೀರೆ ಹೋಯಿತು. ಈಗ ಆ ಕೌದಿಯಲ್ಲಿ ಬೀಗಿತ್ತಿಯ ಇಳಕಲ್ ಸೀರೆಯ ಚೌಕ ಇದೆ, ನನ್ನ ಹೆಂಡತಿಯ ಸೀರೆಯ ಹಸಿರು ಇದೆ, ನನ್ನ ಮಗನ ಸ್ಕೂಲ್ ಯೂನಿಫಾರ್ಮ್ ಅಂಗಿಯ ತುಂಡೂ ಇದೆ. ಮಲಗುವ ಮುಂಚೆ ಹುಡುಗ ಒಂದು ಚೌಕದ ಮೇಲೆ ಬೆರಳಿಟ್ಟು "ಇದು ಯಾರದು?" ಅಂತ ಕೇಳುತ್ತಾನಂತೆ. ದಿನಾ ಒಂದು ಕತೆ ಗ್ಯಾರಂಟಿ.

ನನ್ನ ಎಡವಟ್ಟನ್ನೂ ಹೇಳಬೇಕಲ್ಲ. ಮನೆಯ ಹಳೇ ಪುಸ್ತಕಗಳನ್ನೆಲ್ಲ ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿ ಮೊಮ್ಮಕ್ಕಳಿಗೆ ಅಂತ ಬೆಂಗಳೂರಿಗೆ ಕಳಿಸಿದೆ. ಎರಡು ಕೋಣೆಯ ಮನೆ. ಮೊಮ್ಮಗಳು ಮೆಲ್ಲಗೆ, "ತಾತ, ಇವನ್ನ ಎಲ್ಲಿ ಇಡೋದು?" ಅಂದಳು. ನನ್ನ ಮನೆ ಖಾಲಿ ಮಾಡಲು ಅವರ ಮನೆ ತುಂಬಿಸಿದ್ದೆ, ಅಷ್ಟೇ. ನಾಯಿಮರಿ ಕೊಡುವ ಆಸೆ ಇರುವವರೂ ಮೊದಲು ಸೊಸೆಯನ್ನೋ ಮಗಳನ್ನೋ ಕೇಳಿ. ಕೇಳದೆ ಕೊಟ್ಟರೆ ಆ ಮರಿ ಕೊನೆಗೆ ನಿಮ್ಮ ಮನೆಗೇ ಬರುತ್ತೆ. ಪ್ರಾಣಿ ಅಂದರೆ ಪ್ರಾಣ ಬಿಡುವ ಮಕ್ಕಳಿಗೆ ಮೈಸೂರಿನ ಮೃಗಾಲಯದಲ್ಲಿ ಒಂದು ಪ್ರಾಣಿಯನ್ನೋ ಹಕ್ಕಿಯನ್ನೋ ದತ್ತು ತೆಗೆದುಕೊಳ್ಳಬಹುದು. ಮೇವಿನ ಖರ್ಚು ನಿಮ್ಮದು, ಸಾಕುವ ಕಷ್ಟ ಅವರದ್ದು. ಪುಸ್ತಕಕ್ಕೂ ನನಗೆ ಆಮೇಲೆ ದಾರಿ ಸಿಕ್ಕಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ಓದುವ ಬೆಳಕು ಅನ್ನುವ ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಆ ಎರಡು ಪೆಟ್ಟಿಗೆಗಳನ್ನೂ ನಮ್ಮೂರಿನ ಗ್ರಂಥಾಲಯಕ್ಕೆ ಕೊಟ್ಟೆ. ರಜೆಗೆ ಬಂದಾಗ ಮೊಮ್ಮಕ್ಕಳು ಅಲ್ಲಿಗೇ ಹೋಗಿ ಓದುತ್ತಾರೆ.

ಹಳೇ ಫೋಟೋಗಳಿಗೂ ಇದೇ ಮಾತು. ಗಂಟು ಕಟ್ಟಿ ಕೊಡಬೇಡಿ. ಒಂದೊಂದರ ಹಿಂದೆ ಪೆನ್ಸಿಲ್‌ನಲ್ಲಿ ಯಾರು, ಯಾವ ಊರು, ಯಾವ ವರ್ಷ ಅಂತ ಮೆತ್ತಗೆ ಬರೆದು ಕೊಡಿ. ಬಾಲ್‌ಪೆನ್ ಬೇಡ, ಮುಂಭಾಗಕ್ಕೆ ಅಚ್ಚು ಬೀಳುತ್ತೆ. ನಾಡಕಚೇರಿಯ ವಂಶವೃಕ್ಷದಲ್ಲಿ ನಮ್ಮ ಅತ್ತೆಯ ಹೆಸರು ಇರಬಹುದು. ಅವರು ರಾತ್ರಿ ಹೊತ್ತು ಒಬ್ಬರೇ ಎತ್ತಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು ಅನ್ನುವುದು ಅದರಲ್ಲಿ ಇರಲ್ಲ.

ಇನ್ನೊಬ್ಬಳು ಮೊಮ್ಮಗಳು ಪುಣೆಯಲ್ಲಿದ್ದಾಳೆ, ಮಗಳ ಮಗಳು. ಎಂಟು ವರ್ಷ. ಸ್ಕೂಲಿನಲ್ಲಿ ಮರಾಠಿ, ಇಂಗ್ಲಿಷು, ಹಿಂದಿ. ಕನ್ನಡ ಮಾತಾಡುತ್ತಾಳೆ, ಅಮ್ಮ ಅಕ್ಷರ ಕಲಿಸಿದ್ದಾಳೆ, ಆದರೆ ಓದಲು ಏನೂ ಇರಲಿಲ್ಲ. ಅವಳಿಗೆ ವಾರಕ್ಕೊಂದು ಪೋಸ್ಟ್‌ಕಾರ್ಡ್ ಹಾಕುತ್ತೇನೆ. 50 ಪೈಸೆ. ಇಷ್ಟು ಅಗ್ಗದ ಉಡುಗೊರೆ ಇನ್ನೊಂದಿಲ್ಲ. ನಾಲ್ಕೇ ಸಾಲು. ಬೆಕ್ಕು ಮರಿ ಹಾಕಿದ್ದು, ಹಲಸಿನ ಹಣ್ಣು ಕೆಡವಲು ಹೋಗಿ ನಾನು ಜಾರಿದ್ದು. ಮೊದಮೊದಲು ಉಪದೇಶವೂ ಬರೆಯುತ್ತಿದ್ದೆ. ಆ ಕಾರ್ಡುಗಳನ್ನು ಅವಳು ಪೂರ್ತಿ ಓದುತ್ತಿರಲಿಲ್ಲ ಅಂತ ಮಗಳು ಹೇಳಿದಳು. ಈಗ ಬರೀ ಬೆಕ್ಕು. ಕೆಲವು ಸಲ ಕತೆಯನ್ನು ಮಧ್ಯಕ್ಕೇ ನಿಲ್ಲಿಸುತ್ತೇನೆ, ಮುಂದಿನ ವಾರದವರೆಗೆ ಕಾಯಲಿ ಅಂತ. ಅವಳ ಹುಟ್ಟುಹಬ್ಬಕ್ಕೆ ಮೈ ಸ್ಟ್ಯಾಂಪ್ ಮಾಡಿಸಿದೆ. ಫೋಟೋ ಕೊಟ್ಟು 300 ರೂಪಾಯಿ ಕಟ್ಟಿದರೆ, ಆ ಫೋಟೋ ಇರುವ 12 ಅಂಚೆಚೀಟಿಗಳ ಒಂದು ಹಾಳೆ ಕೊಡುತ್ತಾರೆ. ಅವಳ ಮುಖ ಇರುವ ಚೀಟಿ. ಅದನ್ನು ಹಚ್ಚಿ ಉತ್ತರ ಬರೆಯಲಿ ಅಂತ ನನ್ನ ಉಪಾಯ. ಮೂರು ತಿಂಗಳು ಏನೂ ಬರಲಿಲ್ಲ. ಅಷ್ಟು ಚೆಂದದ ಚೀಟಿ ಯಾರಾದರೂ ಕೈಬಿಡುತ್ತಾರಾ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಹೋದ ಮಂಗಳವಾರ ನಮ್ಮ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರವೇ ನಗುತ್ತಾ ನಿಂತಿದ್ದ. ಕವರಿನ ಮೇಲೆ ಅವಳ ಮುಖದ ಚೀಟಿ. ಒಳಗೆ ರೂಲ್ ಹಾಕಿದ ಹಾಳೆ. ಕನ್ನಡದಲ್ಲಿ, ಪೆನ್ಸಿಲಿನಲ್ಲಿ, ಎರಡೇ ಸಾಲು. ಒತ್ತಕ್ಷರಗಳು ಒಂದೂ ಸರಿ ಇರಲಿಲ್ಲ, ನಾನು ಸರಿ ಮಾಡಿ ಓದುತ್ತೇನೆ: "ತಾತ ನಿನ್ನ ಅಕ್ಷರ ಚೆನ್ನಾಗಿಲ್ಲ. ದೊಡ್ಡದಾಗಿ ಬರಿ, ಮರಿಗಳಿಗೆ ಏನು ಹೆಸರಿಟ್ಟೆ?"

ಹೆಸರು ಇನ್ನೂ ಇಟ್ಟಿಲ್ಲ. ಇವತ್ತು ಇಲ್ಲಿಂದ ಮನೆಗೆ ಹೋದ ತಕ್ಷಣ ಇಡಬೇಕು. ನಾಳೆ ಟಪ್ಪಾಲು ತೆಗೆಯುವ ಹೊತ್ತಿಗೆ ಕಾರ್ಡು ಡಬ್ಬಿಯಲ್ಲಿರಬೇಕು.

ನಮಸ್ಕಾರ.