ಮೊದಲನೇ ಆಪರೇಷನ್ ಯಾರ ಕೈಲಿ?

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಕ್ಯಾನ್ಸರ್ ಆಪರೇಷನ್ ಮಾಡುವುದು ನನ್ನ ದಿನನಿತ್ಯದ ಕೆಲಸ. ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಕ್ಯಾನ್ಸರ್ ಅಂತ ಅನುಮಾನ ಬಂದರೆ, ಮೊದಲ ಸಲ ಕತ್ತರಿ ಹಿಡಿಯುವವರು ಅದೇ ಕೆಲಸದಲ್ಲಿ ಪಳಗಿದ ಸರ್ಜನ್ ಆಗಿರಲಿ.

ಮದ್ದೂರು ಕಡೆಯ ಒಬ್ಬ ತಾಯಿ. ಎದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ನೋವಿಲ್ಲ. ಹತ್ತಿರದ ನರ್ಸಿಂಗ್ ಹೋಂಗೆ ಹೋದರು. "ಸಣ್ಣ ಗಂಟಮ್ಮ, ಅರ್ಧ ಗಂಟೆ ಕೆಲಸ" ಅಂದರಂತೆ. ತೆಗೆದ ಗಂಟನ್ನು ಸ್ಟೀಲ್ ಬೇಸನ್ನಿನಲ್ಲಿಟ್ಟು ಗಂಡನಿಗೆ ತೋರಿಸಿದರು. ಎಲ್ಲರಿಗೂ ಸಮಾಧಾನ.

8 ತಿಂಗಳಾದ ಮೇಲೆ ನನ್ನ ಹತ್ತಿರ ಬಂದರು. ಹೊಲಿಗೆ ಹಾಕಿದ ಜಾಗದಲ್ಲೇ ಮತ್ತೆ ಗಟ್ಟಿ. ಕಂಕುಳಲ್ಲೂ ಗಂಟು. ಅವರ ವೈರ್ ಬ್ಯಾಗಿನಲ್ಲಿದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡಿದೆ. ಔಷಧಿ ಅಂಗಡಿ ಬಿಲ್ಲಿದೆ, ಸ್ಕ್ಯಾನಿಂಗ್ ಚೀಟಿ ಇದೆ, ಬಸ್ ಟಿಕೆಟ್ಟೂ ಇದೆ. ಗಂಟಿನ ಲ್ಯಾಬ್ ರಿಪೋರ್ಟ್ ಮಾತ್ರ ಇಲ್ಲ. "ಆ ಗಂಟು ಏನಾಯ್ತಪ್ಪ?" ಅಂದೆ. "ಅಲ್ಲೇ ಬಿಸಾಕಿರ್ಬೇಕು ಸಾ" ಅಂದರು ಗಂಡ.

ಸೂಜಿ ಪರೀಕ್ಷೆ ಮಾಡಿಸಿದೆ, ಅಂದರೆ ಸೂಜಿಯಿಂದ ಗಂಟಿನ ಚೂರು ತೆಗೆದು ಲ್ಯಾಬಿನಲ್ಲಿ ನೋಡುವುದು. ಕ್ಯಾನ್ಸರ್ ಅಂತ ಗೊತ್ತಾಯಿತು. ಆಮೇಲೆ ಕೀಮೋ, ಇಡೀ ಎದೆ ತೆಗೆಯುವ ಆಪರೇಷನ್, ರೇಡಿಯೇಷನ್. ಆ ಪರೀಕ್ಷೆ ಮೊದಲೇ ಆಗಿದ್ದರೆ ಎದೆ ಉಳಿಸಬಹುದಿತ್ತೇನೋ. ಆ 'ಏನೋ' ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಆ ಡಾಕ್ಟರ್ ಕೆಟ್ಟವರಲ್ಲ. ಅಪೆಂಡಿಕ್ಸ್, ಹರ್ನಿಯಾ ಅಂದರೆ ಒಳ್ಳೆಯ ಕೈ. ನಮ್ಮ ಮಂಡ್ಯದ ಆಲೆಮನೆ ನೋಡಿದ್ದೀರಲ್ವಾ? ಕಬ್ಬು ಕೊಡುವವರು, ಒಲೆಗೆ ರಚ್ಚು ಹಾಕುವವರು ಎಲ್ಲರೂ ಇರುತ್ತಾರೆ. ಪಾಕದ ಹದ ನೋಡಿ ಕೊಪ್ಪರಿಗೆ ಇಳಿಸಿ ಅನ್ನುವವನು ಒಬ್ಬನೇ. ದಿನಾ ಅದನ್ನೇ ನೋಡಿದ ಕಣ್ಣು ಅದು.

ಇದು ಸುಮ್ನೆ ನನ್ನ ಮಾತಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ಸುತ್ತಮುತ್ತ 1980ರ ದಶಕದಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹೆಂಗಸರ ಲೆಕ್ಕ 1996ರಲ್ಲಿ ಪ್ರಕಟವಾಯಿತು. ಇದರಲ್ಲೇ ಪಳಗಿದ ಸರ್ಜನ್‌ಗಳು ನೋಡಿಕೊಂಡವರಲ್ಲಿ, 5 ವರ್ಷದ ನಂತರ ನೂರಕ್ಕೆ 9 ಜನ ಜಾಸ್ತಿ ಬದುಕಿದ್ದರು. ಗಂಟು ಸಣ್ಣದಿರಲಿ ದೊಡ್ಡದಿರಲಿ, ಬಡವರಿರಲಿ ಉಳ್ಳವರಿರಲಿ, ಲಾಭ ಎಲ್ಲರಿಗೂ ಸಿಕ್ಕಿತ್ತು.

ಕರುಳಿನ ಬಗ್ಗೆ ಹೇಳುವುದು ಬಹಳ ಇತ್ತು, ಸಮಯ ಸಾಲದು. ಮಲದ ಕರುಳಿನ ಕೊನೆಯ ಭಾಗದಲ್ಲಿ ಕ್ಯಾನ್ಸರ್ ಆದರೆ, ಸುತ್ತಲಿನ ಕೊಬ್ಬಿನ ಹೊದಿಕೆ ಹರಿಯದ ಹಾಗೆ ಇಡಿಯಾಗಿ ತೆಗೆಯಬೇಕು. ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಇದನ್ನು ಬರೆದು ತಿಳಿಸಿದರು. ಸ್ಟಾಕ್‌ಹೋಮಿನ ಸರ್ಜನ್‌ಗಳು ಈ ಕೈಚಳಕ ಕಲಿತ ಮೇಲೆ, ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಅರ್ಧಕ್ಕಿಂತ ಕಡಿಮೆಯಾಯಿತು. ಅದೇ ರೋಗ, ಬೇರೆ ಕೈ!

ಹಾಗಾಗಿ ಸಹಿ ಹಾಕುವ ಮೊದಲು ಕೇಳಿ: "ಡಾಕ್ಟ್ರೇ, ಸೂಜಿ ಪರೀಕ್ಷೆ ಆಯ್ತಾ? ಈ ಆಪರೇಷನ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ?" ಡಾಕ್ಟ್ರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ನನ್ನನ್ನೂ ಕೇಳಿ. ಬೆಂಗಳೂರಿನ ಕಿದ್ವಾಯಿಗೇ ಹೋಗಬೇಕಾಗಿ ಒಂದು ವಾರ ತಡವಾದರೂ ಪರವಾಗಿಲ್ಲ, ಪಳಗಿದ ಕೈಗೇ ಹೋಗಿ.

ಈಗಾಗಲೇ ಗಂಟು ತೆಗೆಸಿಕೊಂಡವರು ಇವತ್ತು ಸಂಜೆ ಮನೆಯ ಫೈಲು ತೆಗೆದು ನೋಡಿ. ಲ್ಯಾಬ್ ರಿಪೋರ್ಟ್ ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ಕೇಳಿ. ನಮಸ್ಕಾರ.