ಕರೆ ಕೇಳಿಸುವ ಮನೆ

ಕೇಳುಗ ಬಂಧುಗಳೇ, ನಮಸ್ಕಾರ. ಯಾಜಕರೂ ಧರ್ಮಭಗಿನಿಯರೂ ರೂಪುಗೊಳ್ಳುವುದು ಗುರುಮಠ, ಕನ್ಯಾಮಠಗಳಲ್ಲಿ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಆದರೆ ಕಥೋಲಿಕ ಧರ್ಮಸಭೆಯ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಯಾಜಕ ಶಿಕ್ಷಣದ ಆಜ್ಞಾಪತ್ರದಲ್ಲಿ, ವಿಶ್ವಾಸ, ಪ್ರೀತಿ, ಭಕ್ತಿಗಳು ನೆಲೆಸಿರುವ ಕುಟುಂಬವನ್ನೇ ಮೊದಲ ಗುರುಮಠವೆಂದು ಕರೆಯಿತು.

ಎಂಟನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಪೋಪ್ ಎರಡನೆಯ ಜಾನ್ ಪಾಲ್, ರಾತ್ರಿ ಎಚ್ಚರವಾದಾಗ ತಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿರುವುದನ್ನು ಕಾಣುತ್ತಿದ್ದರು. ಯಾಜಕನಾಗುವ ವಿಷಯವನ್ನು ತಂದೆ ಮಗ ಎಂದೂ ಮಾತನಾಡಲೇ ಇಲ್ಲ. ಆದರೂ ತಂದೆಯ ಆ ಮಾದರಿಯೇ ತಮಗೆ ಮನೆಯೊಳಗಿನ ಗುರುಮಠವಾಗಿತ್ತೆಂದು ಅವರು ಬರೆದಿದ್ದಾರೆ. ಮಕ್ಕಳನ್ನು ಜಪಸರಕ್ಕೆ ಕೂರಿಸಿ ತಾವು ಟಿವಿ ನೋಡುವ, ಊಟದ ಹೊತ್ತಿನಲ್ಲಿ ಗುರುಗಳನ್ನು ಆಡಿಕೊಳ್ಳುತ್ತಲೇ ಮಗ ಗುರುವಾಗಲೆಂದು ಬಯಸುವ ಹೆತ್ತವರು ಈ ಮಾತನ್ನು ಗಮನಿಸುವುದು ಒಳ್ಳೆಯದು.

ಹಾಗೆಂದು ಹೆತ್ತವರ ಹಂಬಲವನ್ನೇ ದೈವಕರೆ, ಅಂದರೆ ಯಾಜಕ ಅಥವಾ ಸನ್ಯಾಸ ಜೀವನಕ್ಕೆ ದೇವರು ನೀಡುವ ಕರೆ, ಎಂದು ಭಾವಿಸಬಾರದು. ಬಲವಂತಕ್ಕೋ ಗಂಭೀರ ಭಯಕ್ಕೋ ಒಳಗಾಗಿ ಧಾರ್ಮಿಕ ಸಂಸ್ಥೆಯ ನೊವಿಶಿಯೇಟಿಗೆ, ಅಂದರೆ ವ್ರತ ಸ್ವೀಕರಿಸುವ ಮುನ್ನಿನ ತರಬೇತಿಗೆ, ಸೇರಿದವರ ಪ್ರವೇಶವನ್ನು ಧರ್ಮಸಭೆಯ ಕಾನೂನು ಅಸಿಂಧುವೆಂದೇ ಪರಿಗಣಿಸುತ್ತದೆ. ಫ್ರಾನ್ಸಿನ ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಯ ಬಾಳು ಇಲ್ಲಿ ಗಮನಾರ್ಹ. ಇಬ್ಬರೂ ಮೊದಲು ಸನ್ಯಾಸ ಬಯಸಿದ್ದವರು, ಇಬ್ಬರಿಗೂ ಪ್ರವೇಶ ಸಿಗಲಿಲ್ಲ, 1858ರಲ್ಲಿ ಮದುವೆಯಾದರು. ಮಿಷನರಿಯಾಗುವ ಮಗನಿಗಾಗಿ ಝೆಲಿ ಪ್ರಾರ್ಥಿಸಿದರು, ಆದರೆ ಹುಟ್ಟಿದ ಗಂಡುಮಕ್ಕಳಿಬ್ಬರೂ ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಅವರಲ್ಲಿ ಕಿರಿಯವರಾದ, ಮಠದಿಂದಾಚೆ ಮಿಷನರಿಯಾಗಿ ಹೋಗದ ಸಂತ ತೆರೇಸಾ ಅವರನ್ನೇ ಧರ್ಮಸಭೆ 1927ರಲ್ಲಿ ಮಿಷನ್ ಕಾರ್ಯದ ಪಾಲಕಿಯೆಂದು ಸಾರಿತು. ದಂಪತಿಗೆ ಸಂತಪದವಿ ದೊರೆತದ್ದು 2015ರಲ್ಲಿ.

ನನಗೆ ತೆರೇಸಾರಿಗಿಂತ ಅವರ ಅಕ್ಕ ಲಿಯೋನಿಯ ಕಥೆಯೇ ಕುಟುಂಬಗಳಿಗೆ ಹೆಚ್ಚು ಹತ್ತಿರವೆನಿಸುತ್ತದೆ. ಓದಿನಲ್ಲಿ ಹಿಂದೆ, ಸ್ವಭಾವದಲ್ಲಿ ಹಟಮಾರಿ. ಮೂರು ಸಲ ಮಠ ಸೇರಿ ಮೂರು ಸಲವೂ ಹಿಂತಿರುಗಿದರು. ಮಠ ಬಿಟ್ಟುಬಂದ ಮಗಳೆಂದರೆ ಮನೆತನಕ್ಕೆ ಅವಮಾನವೆಂದು ಬಗೆಯುವವರು ಇಂದಿಗೂ ಇದ್ದಾರೆ. ಆ ಮನೆಯವರು ಹಾಗೆಣಿಸಲಿಲ್ಲ. ಮೊದಲು ತಂದೆ, ಅವರು ತೀರಿಕೊಂಡ ಮೇಲೆ ಸೋದರಮಾವ, ಆಕೆಯನ್ನು ಮನೆಗೆ ಕರೆದುಕೊಂಡರು. 1899ರಲ್ಲಿ ನಾಲ್ಕನೆಯ ಸಲ ಮಠ ಸೇರಿದ ಲಿಯೋನಿ, 1941ರಲ್ಲಿ ಕಣ್ಮುಚ್ಚುವವರೆಗೂ ಅಲ್ಲಿಯೇ ಉಳಿದರು. ನಮಸ್ಕಾರ.