ಕಿವಿಗಾಗಿ ಕಟ್ಟಿದ ಇಲಿಯಡ್

ಕೇಳುಗರಿಗೆ ನಮಸ್ಕಾರ.

ಟ್ರಾಯ್ ಯುದ್ಧದ ಕಥೆ ಹೇಳುವ, ಹೋಮರ್‌ನ ಪ್ರಾಚೀನ ಗ್ರೀಕ್ ಮಹಾಕಾವ್ಯ ಇಲಿಯಡ್ ಓದತೊಡಗಿದ ವಿದ್ಯಾರ್ಥಿಗಳು ಮೊದಲ ಅಧ್ಯಾಯದಲ್ಲೇ ತಕರಾರು ತೆಗೆಯುತ್ತಾರೆ. ಗ್ರೀಕ್ ಸೇನೆಯ ಒಡೆಯ ಅಗಮೆಮ್ನಾನ್ ಮೇಲೆ ಮುನಿಸಿಕೊಂಡ ವೀರ ಅಕಿಲೀಸ್ ಹಡಗುಗಳ ಬಳಿ ಸುಮ್ಮನೆ ಕುಳಿತಿದ್ದಾನೆ. ಕವಿ ಅವನನ್ನು ‘ಚುರುಕುಗಾಲಿನವನು’ ಎನ್ನುತ್ತಾನೆ. ದಡಕ್ಕೆಳೆದ ಹಡಗುಗಳೂ ‘ವೇಗವಾಗಿ ಸಾಗುವ’ ಹಡಗುಗಳೇ! ಕುಳಿತವನ ಕಾಲಿಗೆ ಎಲ್ಲಿಯ ಚುರುಕು, ಹೋಮರ್‌ಗೆ ಇಷ್ಟೂ ತಿಳಿಯದೇ ಎಂಬ ಪ್ರಶ್ನೆ. ಅವನಿಗೆ ಚೆನ್ನಾಗಿಯೇ ತಿಳಿದಿತ್ತು. ಇಲಿಯಡ್ ಕಣ್ಣಿಗಾಗಿ ಬರೆದ ಪುಸ್ತಕವಲ್ಲ, ಕಿವಿಗಾಗಿ ಹಾಡಿದ ಕಾವ್ಯ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ.

ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1928ರಲ್ಲಿ ಪ್ಯಾರಿಸ್‌ನಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ವಿಶೇಷಣಗಳ ಲೆಕ್ಕ ಬಿಡಿಸಿದರು. ಹೋಮರ್‌ನ ಸಾಲಿಗೆ ಆರು ಗಣಗಳು. ಸಾಲಿನ ಕೊನೆಯಲ್ಲಿ ಸ್ವಲ್ಪವೇ ಜಾಗ ಉಳಿದರೆ ‘ದಿವ್ಯ ಅಕಿಲೀಸ್’, ಇನ್ನಷ್ಟು ಉಳಿದರೆ ‘ಚುರುಕುಗಾಲಿನ ಅಕಿಲೀಸ್’. ಜನರ ಮುಂದೆ ಹಾಡುತ್ತಲೇ ಸಾಲು ಕಟ್ಟುವವನಿಗೆ ಪದ ಹುಡುಕಲು ಪುರುಸೊತ್ತೆಲ್ಲಿ? ತಲೆಮಾರುಗಳಿಂದ ಬಂದ ಸಿದ್ಧ ನುಡಿಗಳು ಅವನ ನಾಲಿಗೆಯ ಮೇಲಿದ್ದವು.

ಆದರೆ ಸಾವಿರಾರು ಸಾಲು ಹೀಗೆ ಕಟ್ಟಲಾದೀತೇ? ನೋಡಿಯೇ ಬಿಡೋಣವೆಂದು ಪ್ಯಾರಿ ಯುಗೊಸ್ಲಾವಿಯಕ್ಕೆ ಹೋದರು. ಅಲ್ಲಿ ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯ ನುಡಿಸುತ್ತಾ ವೀರಗಾಥೆ ಹಾಡುವವರು ಇನ್ನೂ ಇದ್ದರು. ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿ ಮುದ್ರಿಸುವ ಯಂತ್ರವನ್ನೂ, ಆಲ್ಬರ್ಟ್ ಲಾರ್ಡ್ ಎಂಬ ಶಿಷ್ಯನನ್ನೂ ಜೊತೆಗೆ ಕರೆದೊಯ್ದಿದ್ದರು. 1935ರಲ್ಲಿ ಬಿಯೆಲೊ ಪೋಲ್ಯೆ ಎಂಬ ಊರಿನಲ್ಲಿ ಅವ್ದೊ ಮೆಜೆದೋವಿಚ್ ಸಿಕ್ಕಿದ. ರೈತ, ಓದು ಬರಹ ಬಾರದು. ಒಂದು ದಿನ ಮುಮಿನ್ ಎಂಬ ಇನ್ನೊಬ್ಬ ಹಾಡುಗಾರ, ಅವ್ದೊ ಎಂದೂ ಕೇಳಿರದ ಕಥೆಯೊಂದನ್ನು ಅವನ ಎದುರಿಗೇ ಹಾಡಿದ. 2294 ಸಾಲು. ಹೇಗಿತ್ತು ಎಂದು ಪ್ಯಾರಿ ಕೇಳಿದರು. ಹಾಡು ಚೆನ್ನಾಗಿದೆ, ಮುಮಿನ್ ಚೆನ್ನಾಗಿಯೇ ಹಾಡಿದ, ಆದರೆ ನಾನು ಇನ್ನೂ ಚೆನ್ನಾಗಿ ಹಾಡಬಲ್ಲೆ ಎಂದನಂತೆ ಅವ್ದೊ. ಆ ಧೈರ್ಯ ನೋಡಿ! ಹಾಡಿಯೂ ತೋರಿಸಿದ. ಅದೇ ಕಥೆ, ಒಂದೇ ಸಲ ಕೇಳಿದ್ದು. ಅವನ ಬಾಯಲ್ಲಿ 6313 ಸಾಲಾಯಿತು. ಕಂಠಪಾಠವಾಗಿದ್ದರೆ ಅಷ್ಟೇ ಸಾಲು ಇರಬೇಕಿತ್ತಲ್ಲವೇ? ಅವನು ನಾಯಕನ ಮನಸ್ಸಿನೊಳಗೆ ಹೊಕ್ಕ, ವರ್ಣನೆ ತುಂಬಿದ, ಕಟ್ಟುತ್ತಾ ಹೋದ. ಇದೇ ಅವ್ದೊ ಬರೆಸಿದ ಒಂದು ಮದುವೆಯ ಗಾಥೆ ಹನ್ನೆರಡು ಸಾವಿರ ಸಾಲು ದಾಟುತ್ತದೆ. ಹೋಮರ್‌ನ ಇನ್ನೊಂದು ಕಾವ್ಯ ಒಡಿಸ್ಸಿಯದೂ ಅಷ್ಟೇ ಉದ್ದ. ಮಲೆ ಮಹದೇಶ್ವರನ ಕಥೆಯನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರನ್ನು ಕೇಳಿದವರು ಇದಕ್ಕೆ ಅಷ್ಟೇನೂ ಬೆರಗಾಗಲಾರರು.

ಅವ್ದೊನ ಕಥೆ ತೆಗೆದರೆ ನನಗೆ ಗಡಿಯಾರದ ನೆನಪಿರುವುದಿಲ್ಲ. ಉಳಿದದ್ದನ್ನು ಓಡಿಸುತ್ತೇನೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿ ಗುಂಡು ತಗುಲಿ ತೀರಿಕೊಂಡರು. ಆಗಿನ್ನೂ ಮೂವತ್ತಮೂರು ವರ್ಷ. ಕೆಲಸ ಮುಂದುವರಿಸಿದ ಲಾರ್ಡ್ ಅವರ ಗ್ರಂಥ 1960ರಲ್ಲಿ ಬಂತು. ಹೋಮರ್ ಒಬ್ಬನೋ ಹಲವರೋ ಎಂದು 1795ರಲ್ಲಿ ಜರ್ಮನಿಯ ವಿದ್ವಾಂಸ ವೊಲ್ಫ್ ಎಬ್ಬಿಸಿದ ಜಗಳಕ್ಕೆ ಇಂದು ಸಮಯವಿಲ್ಲ. ನನ್ನನ್ನು ಕೇಳಿದರೆ, ಹಾಡಿದವರೆಷ್ಟು ಜನ ಎಂದು ಎಣಿಸುವ ಮೊದಲು ಹಾಡನ್ನು ಕೇಳಬೇಕು.

ಇಲಿಯಡ್‌ನ ಎರಡನೆಯ ಅಧ್ಯಾಯದಲ್ಲಿ ಹಡಗುಗಳ ಉದ್ದನೆಯ ಪಟ್ಟಿಯಿದೆ. ಎಲ್ಲರೂ ಪುಟ ಮಗುಚಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಿಬಿಟ್ಟು ಓದಿ. ಮನೆಯವರು ನಕ್ಕರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮಸ್ಕಾರ.